ಕ್ಲಾಂಡೈಕಿನ ಹೋಟೆಲುಗಾರ್ತಿ ಬೆಲಿಂಡಾ ಮಲ್ರೂನಿ

ಚಿನ್ನದ ಆಶೆಯಿಂದ ಜನರು ತಂಡತಂಡವಾಗಿ ದೂರದೇಶಗಳಿಗೆ ಹೊರಟ ಪ್ರಸಂಗಗಳು ಹತ್ತೊಂಬತ್ತನೆಯ ಶತಮಾನದ ಇತಿಹಾಸದಲ್ಲಿ ಹಲವುಂಟು. ೧೮೪೯ರ ಕ್ಯಾಲಿಫೋರ್ನಿಯ, ೧೮೫೧ರ ಆಸ್ಟ್ರೇಲಿಯ, ೧೮೯೬ರಿಂದ ೧೮೯೯ರವರೆಗಿನ ಕ್ಲಾಂಡೈಕ್, ಇವು ಅವುಗಳಲ್ಲಿ ಪ್ರಸಿದ್ಧವಾದುವು. ಇವುಗಳ ಚರಿತ್ರೆಯನ್ನು ಬರೆದವರು ನೆಲವನ್ನು ಅಗೆದವರ ಲೆಕ್ಕವನ್ನು ಶ್ರದ್ಧೆಯಿಂದ ಇಟ್ಟಿರುವರು. ಅಗೆಯುವವರಿಗೆ ಊಟವನ್ನಿಕ್ಕಿ ಮಲಗಲು ಎಡೆಕೊಟ್ಟವರ ವಿಷಯವಾದರೋ ಬಹುಮಟ್ಟಿಗೆ ಅಡಿಟಿಪ್ಪಣಿಗಳಲ್ಲಿಯೇ ಉಳಿದಿದೆ. ಅದರಲ್ಲಿಯೂ ಹೆಂಗಸರ ಪ್ರಸ್ತಾಪವು ಬಂದಲ್ಲಿ, ಮನೆಯಲ್ಲಿ ಗಂಡನ ಹಾದಿಯನ್ನು ನೋಡುತ್ತಿದ್ದ ಗೃಹಿಣಿ, ಇಲ್ಲವೆ ನೃತ್ಯಶಾಲೆಯಲ್ಲಿ ಕುಣಿಯುತ್ತಿದ್ದ ತರುಣಿ, ಈ ಎರಡು ಚಿತ್ರಗಳೇ ಮತ್ತೆ ಮತ್ತೆ ಕಾಣುತ್ತವೆ. ಐರ್ಲೆಂಡಿನಲ್ಲಿ ಹುಟ್ಟಿ, ಅಮೆರಿಕಕ್ಕೆ ವಲಸೆಬಂದು, ಕ್ಲಾಂಡೈಕಿನ ತೊರೆಗಳ ನಡುವೆ ಮೊದಲ ಹೋಟೆಲುಗಳನ್ನು ಕಟ್ಟಿದ ಬೆಲಿಂಡಾ ಮಲ್ರೂನಿಯು ಈ ಎರಡು ಚಿತ್ರಗಳಿಗೂ ಹೊರಗಾದವಳು. ಆಕೆಯ ಬಾಳನ್ನು ಪರಿಶೀಲಿಸಿದರೆ ಒಬ್ಬ ಹೆಂಗಸಿನ ಸಾಹಸದ ಜೊತೆಗೆ, ಚಿನ್ನದ ಸೀಮೆಯೊಂದರಲ್ಲಿ ಹೋಟೆಲು ಎಂಬುದು ಯಾವ ಬಗೆಯ ಸಂಸ್ಥೆಯಾಗಿದ್ದಿತೆಂಬುದೂ ಗೋಚರವಾಗುತ್ತದೆ.

ಆಕೆಯ ವೃತ್ತಾಂತಕ್ಕೆ ದೊರೆಯುವ ಆಧಾರಗಳು ಎರಡು ಬಗೆಯವು. ೧೯೨೦ರ ದಶಕದ ಕೊನೆಯಲ್ಲಿ ಆಕೆಯೇ ಹೇಳಿ ಬರೆಯಿಸಿದ ನೆನಪುಗಳು ಒಂದು. ಆ ಕಾಲದ ಪತ್ರಿಕೆಗಳು ಮತ್ತು ಸರ್ಕಾರದ ದಾಖಲೆಗಳು ಮತ್ತೊಂದು. ೨೦೦೦ನೆಯ ಇಸವಿಯಲ್ಲಿ ಮೆಲನಿ ಮೇಯರ್ ಮತ್ತು ರಾಬರ್ಟ್ ಡೀ ಆರ್ಮಂಡ್ ಎಂಬ ವಿದ್ವಾಂಸರು ಆಕೆಯ ಚರಿತ್ರೆಯನ್ನು ಪ್ರಕಟಿಸಿದರು. ಸ್ಥಳ, ಕಾಲ, ಕಟ್ಟಡ ಇವುಗಳ ಮಟ್ಟಿಗೆ ಆಕೆಯ ಮಾತನ್ನು ಇತರ ದಾಖಲೆಗಳೊಡನೆ ಹೋಲಿಸಿ ನೋಡಲು ಬರುತ್ತದೆ. ಲಾಭದ ಮೊತ್ತಗಳನ್ನೂ ಚಮತ್ಕಾರದ ಸಂವಾದಗಳನ್ನೂ ಆಕೆಯ ಹೇಳಿಕೆಯೆಂದು ಗ್ರಹಿಸಿ ಮುಂದುವರಿಯುವುದು ಯುಕ್ತ.

ಬೆಲಿಂಡಳು ೧೮೭೨ರಲ್ಲಿ ಐರ್ಲೆಂಡಿನ ಸ್ಲೈಗೋ ಪ್ರಾಂತದಲ್ಲಿ ಹುಟ್ಟಿದಳು. ಮಗುವಾಗಿದ್ದಾಗಲೇ ತಾಯಿತಂದೆಗಳು ಅಮೆರಿಕಕ್ಕೆ ಹೋದರು. ಆಕೆಯು ಅಜ್ಜಿಯ ಮನೆಯಲ್ಲಿ ಬೆಳೆದಳು. ೧೮೮೫ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ, ಪೆನ್ಸಿಲ್ವೇನಿಯದ ಆರ್ಚ್‌ಬಾಲ್ಡ್ ಎಂಬ ಕಲ್ಲಿದ್ದಲಿನ ಊರಿಗೆ ಬಂದು ತಾಯಿತಂದೆಗಳನ್ನು ಸೇರಿದಳು. ಆ ಸೀಮೆಯು ವೇಲ್ಸಿನಿಂದಲೂ ಐರ್ಲೆಂಡಿನಿಂದಲೂ ಬಂದ ಗಣಿಗಾರರಿಂದ ತುಂಬಿದ್ದಿತು. ಗಣಿಯ ಕೆಲಸದಲ್ಲಿ ಪಳಗಿದ ವೇಲ್ಸಿನವರು ಮೇಲಿನ ಸ್ಥಾನಗಳಲ್ಲಿದ್ದರೆ, ಐರಿಷರಲ್ಲಿ ಹೆಚ್ಚು ಮಂದಿ ಕೂಲಿಗಾರರಾಗಿದ್ದರು. ಬೆಲಿಂಡಳ ತಂದೆಯೂ ಗಣಿಯಲ್ಲಿ ದುಡಿಯುವವನೇ. ನೆಲದೊಳಗಿನ ಸಂಪತ್ತು ಅದನ್ನು ತೆಗೆಯುವವನ ಕೈಯಲ್ಲಿ ನಿಲ್ಲದೆ ಹೋಗುವುದನ್ನು ಆಕೆಯು ಬಾಲ್ಯದಲ್ಲಿಯೇ ಕಂಡಳು. ಮುಂದೆ ಚಿನ್ನದ ಸೀಮೆಗೆ ಹೋದಾಗ ಆಕೆಯು ಗುದ್ದಲಿಯನ್ನು ಹಿಡಿಯದೆ ಒಲೆಯನ್ನು ಹೂಡಿದುದಕ್ಕೆ ಈ ಅನುಭವವೂ ಒಂದು ಕಾರಣವಾಗಿದ್ದೀತು.

ಆಕೆಯು ಆ ಊರನ್ನು ಬಿಟ್ಟು ಫಿಲಡೆಲ್ಫಿಯದಲ್ಲಿ ಮನೆಗೆಲಸಕ್ಕಿದ್ದು, ಅಲ್ಲಿಂದ ಷಿಕಾಗೋ ನಗರವನ್ನು ಸೇರಿದಳು. ೧೮೯೩ರಲ್ಲಿ ಅಲ್ಲಿ ನಡೆದ ವಿಶ್ವಪ್ರದರ್ಶನದ ಸಮಯದಲ್ಲಿ ಸಣ್ಣದೊಂದು ತಿಂಡಿಯಂಗಡಿಯನ್ನಿಟ್ಟು ಹಣ ಗಳಿಸಿದಳು. ಆ ಹಣದೊಡನೆ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ಹೋದಳು. ಅಲ್ಲಿ ಬೆಂಕಿಯು ಆಕೆಯ ಗಳಿಕೆಯನ್ನು ನುಂಗಿತು. ಕೈ ಬರಿದಾದಮೇಲೆ ಅಲಾಸ್ಕದ ಕರಾವಳಿಗೆ ಹೋಗಿಬರುತ್ತಿದ್ದ ‘ಸಿಟಿ ಆಫ್ ಟೊಪೀಕ’ ಎಂಬ ಹಡಗಿನಲ್ಲಿ ಪ್ರಯಾಣಿಕರ ಪರಿಚಾರಿಕೆಯಾದಳು. ಹಡಗಿನ ಕೆಲಸದ ಜೊತೆಗೆ, ಉತ್ತರದ ಊರುಗಳವರಿಗೆ ಬೇಕಾದ ಸಾಮಾನುಗಳನ್ನು ತಂದುಕೊಟ್ಟು ಅದರ ಮೇಲೂ ಸಂಪಾದಿಸುತ್ತಿದ್ದಳು. ಆ ಜನಕ್ಕೆ ಏನು ಬೇಕು, ಏನು ಸಿಕ್ಕುವುದಿಲ್ಲ ಎಂಬುದು ಹೀಗೆ ಆಕೆಗೆ ಮನದಟ್ಟಾಯಿತು. ೧೮೯೬ರಲ್ಲಿ ಜೂನೋ ಎಂಬ ರೇವುಪಟ್ಟಣದಲ್ಲಿ ಅಂಗಡಿಯನ್ನು ತೆರೆದಳು.

ಅದೇ ವರ್ಷದ ಆಗಸ್ಟ್ ೧೬ರಂದು ಕೆನಡಾದ ಯೂಕಾನ್ ಪ್ರದೇಶದಲ್ಲಿ, ಕ್ಲಾಂಡೈಕ್ ನದಿಯನ್ನು ಸೇರುವ ತೊರೆಯೊಂದರಲ್ಲಿ ಚಿನ್ನವು ಕಂಡುಬಂದಿತು. ಅದನ್ನು ಕಂಡವರು ಜಾರ್ಜ್ ಕಾರ್ಮ್ಯಾಕ್ ಎಂಬವನೂ, ಅವನ ಹೆಂಡತಿಯ ಕಡೆಯ ಬಂಧುಗಳಾದ ಮೂಲನಿವಾಸಿಗಳೂ. ಆ ತೊರೆಗೆ ಬೊನಾಂಜಾ ಎಂದು ಹೆಸರಾಯಿತು. ಈ ಸಂಗತಿಯು ಹೊರಜಗತ್ತಿಗೆ ತಿಳಿದುದು ೧೮೯೭ರ ಜುಲೈ ತಿಂಗಳಲ್ಲಿ, ಚಿನ್ನವನ್ನು ಹೊತ್ತ ಹಡಗುಗಳು ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಸಿಯಾಟಲ್ ರೇವುಗಳನ್ನು ಮುಟ್ಟಿದಾಗ. ಆಮೇಲೆ ಸುಮಾರು ಒಂದು ಲಕ್ಷ ಜನರು ಹೊರಟರೆಂದು ಅಂದಾಜುಂಟು. ಗುರಿಮುಟ್ಟಿದವರು ಅದರಲ್ಲಿ ಅರ್ಧಕ್ಕಿಂತ ಕಡಿಮೆ. ಜೂನೋವಿನಲ್ಲಿದ್ದ ಬೆಲಿಂಡಳಿಗೆ ಸುದ್ದಿಯು ಮೊದಲೇ ಮುಟ್ಟಿದ್ದಿತು. ಆಕೆಯು ೧೮೯೭ರ ವಸಂತದಲ್ಲಿಯೇ ಚಿಲ್ಕೂಟ್ ಕಣಿವೆಯನ್ನು ದಾಟಿ, ದೋಣಿಯಲ್ಲಿ ಯೂಕಾನ್ ನದಿಯನ್ನಿಳಿದು, ಬೇಸಗೆಯ ಮೊದಲಲ್ಲಿ ಡಾಸನ್ ಎಂಬ ಹೊಸ ಊರನ್ನು ಸೇರಿದಳು. ಅಷ್ಟು ಬೇಗ ಬಂದರೂ ಬೊನಾಂಜಾ, ಎಲ್ಡೊರಾಡೋ ತೊರೆಗಳ ನೆಲವೆಲ್ಲವೂ ಆಗಲೇ ಹಂಚಿಹೋಗಿದ್ದಿತು. ಮರುವರ್ಷ ಬಂದ ಸಾವಿರಾರು ಜನರ ಗತಿಯನ್ನು ಇದರಿಂದ ಊಹಿಸಬಹುದು.

ಆಕೆಯು ತಂದ ಸರಕಿನಲ್ಲಿ ಮುಖ್ಯವಾದುವು ಬಟ್ಟೆಗಳು, ಮತ್ತು ಬಿಸಿನೀರನ್ನು ತುಂಬಿ ಹಾಸಿಗೆಯಲ್ಲಿಟ್ಟುಕೊಳ್ಳುವ ರಬ್ಬರಿನ ಚೀಲಗಳು. ಇತರರು ಹಿಟ್ಟು, ಹಂದಿಮಾಂಸ, ಗುದ್ದಲಿಗಳನ್ನು ಹೊತ್ತು ತಂದಿದ್ದರು. ಕಡುಚಳಿಯ ನಾಡಿನಲ್ಲಿ ಒಂದು ರಾತ್ರಿಯ ಬೆಚ್ಚನೆಯ ನಿದ್ರೆಗೆ ಜನರು ಏನನ್ನಾದರೂ ತೆರುವರೆಂಬುದನ್ನು ಆಕೆಯು ಊಹಿಸಿದ್ದಳು. ಐದು ಸಾವಿರ ಡಾಲರುಗಳ ಸರಕನ್ನು ಮೂವತ್ತು ಸಾವಿರಕ್ಕೆ ಮಾರಿದುದಾಗಿ ಹೇಳಿಕೆ. ಕೈಯಲ್ಲುಳಿದಿದ್ದ ಕಡೆಯ ನಾಣ್ಯವನ್ನು ಇನ್ನು ಚಿಲ್ಲರೆಯ ಅವಶ್ಯಕತೆಯಿಲ್ಲವೆಂದು ನದಿಗೆ ಎಸೆದಳೆಂಬ ಕಥೆಯೂ ಉಂಟು. ಬಳಿಕ ಡಾಸನ್ನಿನಲ್ಲಿ ಊಟದ ಮನೆಯನ್ನಿಟ್ಟು, ಜನರು ಬಂದಿಳಿದ ದೋಣಿಗಳ ಹಲಗೆಗಳನ್ನು ಕೊಂಡು ಮನೆಗಳನ್ನು ಕಟ್ಟಿಸಿ ಮಾರತೊಡಗಿದಳು.

ಇಷ್ಟರಮಟ್ಟಿಗೆ ಆಕೆಯು ಜಾಣೆಯಾದ ವರ್ತಕಿ. ಆಕೆಯನ್ನು ಇತರ ವರ್ತಕರಿಂದ ಬೇರ್ಪಡಿಸಿದುದು ಅದೇ ವರ್ಷದಲ್ಲಿ ಮಾಡಿದ ಸ್ಥಳನಿರ್ಣಯ. ಎಲ್ಲರೂ ಡಾಸನ್ನಿನಲ್ಲಿ ನಿವೇಶನಗಳಿಗಾಗಿ ಪೈಪೋಟಿ ನಡೆಸುತ್ತಿದ್ದಾಗ, ಆಕೆಯು ಊರಿನಿಂದ ಸುಮಾರು ಹದಿನೈದು ಮೈಲಿ ದೂರದಲ್ಲಿ, ಎಲ್ಡೊರಾಡೋ ತೊರೆಯು ಬೊನಾಂಜಾವನ್ನು ಕೂಡುವ ಎಡೆಯಲ್ಲಿ, ಮರದ ದಿಮ್ಮಿಗಳಿಂದ ಎರಡಂತಸ್ತಿನ ಹೋಟೆಲನ್ನು ಕಟ್ಟಿಸಿದಳು. ಅದಕ್ಕೆ ‘ಗ್ರ್ಯಾಂಡ್ ಫೋರ್ಕ್ಸ್’ ಎಂದು ಹೆಸರಿಟ್ಟಳು. ಕಂಡವರು ನಕ್ಕರಂತೆ. ಆದರೆ ಕ್ಲಾಂಡೈಕಿನಲ್ಲಿ ಚಿನ್ನ ತೆಗೆಯುವ ಕ್ರಮವನ್ನು ತಿಳಿದವರಿಗೆ ಇದರ ಔಚಿತ್ಯವು ತಾನಾಗಿಯೇ ಹೊಳೆಯುತ್ತದೆ.

ಅಲ್ಲಿಯ ನೆಲವು ವರ್ಷವಿಡೀ ಹೆಪ್ಪುಗಟ್ಟಿರುವಂಥದು. ಚಳಿಗಾಲದಲ್ಲಿ ಗಣಿಗಾರರು ಸೌದೆಯ ಬೆಂಕಿಯಿಂದ ನೆಲವನ್ನು ಕರಗಿಸಿ, ಅಡಿ ಅಡಿಯಾಗಿ ಬಾವಿ ತೋಡಿ, ತಳದ ಮಣ್ಣನ್ನು ಮೇಲೆ ರಾಶಿ ಹಾಕುತ್ತಿದ್ದರು. ನೀರು ಹರಿಯುವ ವಸಂತವು ಬಂದಮೇಲೆಯೇ ಆ ಮಣ್ಣನ್ನು ಜಾಲಿಸಿ ಚಿನ್ನವನ್ನು ಬೇರ್ಪಡಿಸುವುದು ಸಾಧ್ಯ. ಆದುದರಿಂದ ವರ್ಷದ ಹೆಚ್ಚು ಭಾಗ ಗಣಿಗಾರನ ಐಶ್ವರ್ಯವೆಲ್ಲವೂ ಮಣ್ಣಿನ ರಾಶಿಯಲ್ಲಿರುತ್ತಿದ್ದಿತು. ಅವನ ಊಟ, ಕೂಲಿ, ಬಟ್ಟೆ ಎಲ್ಲವೂ ಸಾಲದ ಮೇಲೆ ನಡೆಯಬೇಕಾಗಿದ್ದಿತು. ಯಾರ ರಾಶಿಯಲ್ಲಿ ಎಷ್ಟು ಚಿನ್ನವುಂಟೆಂದು ಬಲ್ಲವರಿಗೆ ಮಾತ್ರ ಸಾಲ ಕೊಡುವುದು ಕ್ಷೇಮ. ಎರಡು ತೊರೆಗಳ ಸಂಗಮದಲ್ಲಿ ಬೆಚ್ಚನೆಯ ಒಲೆಯ ಸುತ್ತ ಸಂಜೆ ಸೇರುತ್ತಿದ್ದ ಗಣಿಗಾರರು ಪರಸ್ಪರ ಆಡುತ್ತಿದ್ದುದು ಇದೇ ಮಾತು. ಊಟ ಬಡಿಸುತ್ತಿದ್ದಾಕೆಯ ಕಿವಿಗೆ ಅದೆಲ್ಲವೂ ಬೀಳುತ್ತಿದ್ದಿತು. ಹೀಗೆ ಗ್ರ್ಯಾಂಡ್ ಫೋರ್ಕ್ಸ್ ಹೋಟೆಲು ಚಿನ್ನವನ್ನು ಇಟ್ಟುಕೊಳ್ಳುವ ಉಗ್ರಾಣವೂ, ಸಾಲದ ಮನೆಯೂ, ಗಣಿಹಕ್ಕುಗಳ ಮಾರುಕಟ್ಟೆಯೂ ಆಯಿತು. ಬೆಲಿಂಡಳು ಹಲವು ಗಣಿಹಕ್ಕುಗಳಲ್ಲಿ ಪಾಲನ್ನು ಪಡೆದುದು ಇಲ್ಲಿಯ ತಿಳಿವಳಿಕೆಯಿಂದಲೇ. ನಾಣ್ಯಗಳಿಗೆ ಬದಲಾಗಿ ಚಿನ್ನದ ಹುಡಿಯನ್ನೇ ತಕ್ಕಡಿಯಲ್ಲಿ ತೂಗಿ ಕೊಡುತ್ತಿದ್ದ ಆ ಸೀಮೆಯಲ್ಲಿ, ನೆಲದ ಮೇಲೆ ಉದುರಿದ ಹುಡಿಯನ್ನು ಕಸದೊಡನೆ ಗುಡಿಸಿ ಜಾಲಿಸುವುದೂ ಆಕೆಗೊಂದು ಆದಾಯವಾಗಿದ್ದಿತು. ಹೋಟೆಲಿನ ಸುತ್ತ ಬೆಳೆದ ಊರಿಗೂ ಗ್ರ್ಯಾಂಡ್ ಫೋರ್ಕ್ಸ್ ಎಂಬ ಹೆಸರೇ ನಿಂತಿತು.

ಆ ಚಳಿಗಾಲದಲ್ಲಿ ಡಾಸನ್ನಿಗೆ ಬರಬೇಕಾದ ಹಡಗುಗಳು ನದಿಯ ನೀರಿಳಿದುದರಿಂದ ಕೆಳಗಡೆಯೇ ನಿಂತುಹೋಗಿ, ಕ್ಷಾಮದ ಭೀತಿಯು ಹುಟ್ಟಿತು. ಈ ಸಂದರ್ಭದಲ್ಲಿ ಆಕೆಯೂ ‘ಕ್ಲಾಂಡೈಕಿನ ರಾಜ’ನೆಂದು ಹೆಸರುಪಡೆದಿದ್ದ ಅಲೆಕ್ಸ್ ಮ್ಯಾಕ್‌ಡೊನಾಲ್ಡನೂ ಪಾಲುಗಾರಿಕೆಯಲ್ಲಿ ಕೆಟ್ಟುನಿಂತ ದೋಣಿಯೊಂದರ ಸರಕನ್ನು ಕೊಂಡರೆಂದೂ, ಅವನು ಧಾನ್ಯವನ್ನೆಲ್ಲ ತಾನೇ ತೆಗೆದುಕೊಂಡು ಆಕೆಗೆ ಮದ್ಯವನ್ನೂ ರಬ್ಬರಿನ ಬೂಟುಗಳನ್ನೂ ಬಿಟ್ಟನೆಂದೂ ಒಂದು ಪ್ರಸಿದ್ಧ ಕಥೆಯಿದೆ. ವಸಂತದಲ್ಲಿ ನೀರಿನಲ್ಲಿ ನಿಂತು ಮಣ್ಣು ಜಾಲಿಸುವ ಕೂಲಿಗಳಿಗಾಗಿ ಅವನೇ ಬಂದು, ಜೋಡಿಯೊಂದಕ್ಕೆ ನೂರು ಡಾಲರಿನಂತೆ ಆ ಬೂಟುಗಳನ್ನು ಕೊಂಡನಂತೆ. ಬೆಲೆಯಲ್ಲಿ ಉತ್ಪ್ರೇಕ್ಷೆಯಿರಬಹುದು. ಆ ಸೀಮೆಯ ಕೆಲಸವು ಋತುವಿಗೆ ಕಟ್ಟುಬಿದ್ದುದೆಂಬ ಮೂಲಸಂಗತಿಯಾದರೋ ಸತ್ಯವಾದುದು.

೧೮೯೮ರಲ್ಲಿ ಜನಪ್ರವಾಹವು ಡಾಸನ್ನಿಗೆ ನುಗ್ಗಿತು. ಬಂದವರಲ್ಲಿ ಹಣವಂತರೂ ವರ್ತಕರೂ ಅಧಿಕಾರಿಗಳೂ ಇದ್ದರು. ಬೆಲಿಂಡಳು ಈಗ ಊರಿಗೆ ಹಿಂದಿರುಗಿ, ಅದೇ ಜುಲೈ ತಿಂಗಳಲ್ಲಿ ‘ಫೇರ್‌ವ್ಯೂ’ ಎಂಬ ಮೂರಂತಸ್ತಿನ ಹೋಟೆಲನ್ನು ತೆರೆದಳು. ಹಿತ್ತಾಳೆಯ ಮಂಚಗಳು, ಗಾಜಿನ ತೂಗುದೀಪಗಳು, ಬೆಳ್ಳಿಯ ಪಾತ್ರೆಗಳು ಪರ್ವತವನ್ನು ದಾಟಿ ಬಂದುವು. ಸಾಗಣೆಯ ಗುತ್ತಿಗೆದಾರನೊಬ್ಬನು ಹೆಚ್ಚಿನ ಬಾಡಿಗೆಯ ಆಸೆಯಿಂದ ಆಕೆಯ ಸಾಮಾನುಗಳನ್ನು ಅರ್ಧದಾರಿಯಲ್ಲಿ ಇಳಿಸಿದಾಗ, ಆಕೆಯೇ ಆಳುಗಳನ್ನು ಕಟ್ಟಿಕೊಂಡು ಹೋಗಿ, ಅವನ ಕುದುರೆಗಳ ಮೇಲೆಯೇ ಅವನ್ನು ಹೇರಿಸಿ ತಂದಳೆಂದು ಹೇಳುವರು. ನದಿಯಲ್ಲಿ ನಿಂತಿದ್ದ ಹಡಗಿನಿಂದ ವಿದ್ಯುದ್ದೀಪಗಳಿಗೆ ಶಕ್ತಿ ಬರುತ್ತಿದ್ದಿತು. ಇಷ್ಟೆಲ್ಲ ವೈಭವವಿದ್ದರೂ ಒಳಗೋಡೆಗಳು ಮಾತ್ರ ಬಣ್ಣದ ಕಾಗದವನ್ನಂಟಿಸಿದ ಕಿತ್ತಾನು ಬಟ್ಟೆ. ಪಕ್ಕದ ಕೋಣೆಯ ಪಿಸುಮಾತೂ ಕೇಳಿಸುತ್ತಿದ್ದಿತು. ಒಂದೆರಡು ವರ್ಷಗಳಲ್ಲಿ ಎದ್ದ ನಗರದ ಸಮಗ್ರ ಸ್ವರೂಪವೇ ಈ ಗೋಡೆಗಳಲ್ಲಿ ಕಾಣುತ್ತದೆ.

ಈ ನಗರವು ಬರಿಯ ಬಯಲಿನಲ್ಲಿ ಎದ್ದುದಲ್ಲವೆಂಬುದನ್ನು ಇಲ್ಲಿಯೇ ಹೇಳಬೇಕು. ಕ್ಲಾಂಡೈಕ್ ನದೀಮುಖವು ಟ್ರೊಂಡೆಕ್ ಹ್ವೆಚಿನ್ ಎಂಬ ಜನಾಂಗದವರು ತಲೆತಲಾಂತರದಿಂದ ಮೀನು ಹಿಡಿಯುತ್ತಿದ್ದ ನೆಲೆ. ಅವರು ತಮ್ಮ ನಾಯಕ ಐಸಾಕನ ನೇತೃತ್ವದಲ್ಲಿ ನದಿಯ ಕೆಳಗಡೆ ಮೂಸ್‌ಹೈಡ್ ಎಂಬಲ್ಲಿಗೆ ನೆಲೆಯನ್ನು ಬದಲಿಸಬೇಕಾಯಿತು. ಹೊಸಬರಿಗೆ ಆಶ್ರಯ ಕೊಟ್ಟ ಹೋಟೆಲುಗಳ ಚರಿತ್ರೆಯು ಆಶ್ರಯ ತಪ್ಪಿದವರ ಚರಿತ್ರೆಯೊಡನೆ ಕೂಡಿಕೊಂಡೇ ಇದೆ. ೨೦೨೩ರಲ್ಲಿ ಈ ಪ್ರದೇಶವನ್ನು ಯುನೆಸ್ಕೋ ಸಂಸ್ಥೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ, ಆ ಜನಾಂಗದ ಅನುಭವವೇ ಅದಕ್ಕೆ ಮುಖ್ಯ ಕಾರಣವಾಯಿತು.

ಬೆಲಿಂಡಳ ಉತ್ತರಚರಿತ್ರೆಯು ಏಳುಬೀಳುಗಳದು. ೧೯೦೦ರಲ್ಲಿ ಆಕೆಯು ಚಾರ್ಲ್ಸ್ ಕಾರ್ಬೊನೋ ಎಂಬವನನ್ನು ಮದುವೆಯಾದಳು. ಅವನು ಷಾಂಪೇನ್ ಮದ್ಯದ ವ್ಯಾಪಾರಿ. ತನ್ನನ್ನು ಕೌಂಟ್ ಪದವಿಯವನೆಂದು ಹೇಳಿಕೊಳ್ಳುತ್ತಿದ್ದನು. ದಂಪತಿಗಳು ಪ್ಯಾರಿಸಿಗೆ ಹೋಗಿ ವೈಭವದಿಂದ ಬಾಳಿದರು. ಈ ದಾಂಪತ್ಯವು ೧೯೦೬ರಲ್ಲಿ ವಿಚ್ಛೇದನದಲ್ಲಿ ಮುಗಿಯಿತು. ಅಷ್ಟರಲ್ಲಿ ಆಕೆಯು ಅಲಾಸ್ಕದ ಫೇರ್‌ಬ್ಯಾಂಕ್ಸ್ ಸೀಮೆಗೆ ಹೋಗಿ, ಅಲ್ಲಿಯ ಹೊಸ ಗಣಿಗಳ ನಡುವೆ ತಂಗಿಯೊಡನೆ ‘ಡೋಮ್ ಸಿಟಿ ಬ್ಯಾಂಕ್’ ಎಂಬ ಬ್ಯಾಂಕನ್ನು ಸ್ಥಾಪಿಸಿದ್ದಳು. ಗ್ರ್ಯಾಂಡ್ ಫೋರ್ಕ್ಸಿನಲ್ಲಿ ಊಟದ ಮೇಜಿನ ಬಳಿ ನಡೆಯುತ್ತಿದ್ದ ವ್ಯವಹಾರವು ಇಲ್ಲಿ ತನ್ನ ನಿಜವಾದ ಹೆಸರನ್ನು ಪಡೆಯಿತೆನ್ನಬಹುದು. ಬಳಿಕ ವಾಷಿಂಗ್ಟನ್ ಸಂಸ್ಥಾನದ ಯಾಕಿಮದಲ್ಲಿ ಕಲ್ಲಿನ ದೊಡ್ಡ ಮನೆಯನ್ನು ಕಟ್ಟಿಸಿ, ತೋಟವನ್ನು ಬೆಳೆಸಿ, ಬಂಧುಗಳನ್ನು ಸಾಕಿದಳು. ಕ್ರಮೇಣ ಹಣವು ಕರಗಿತು. ಮನೆಯನ್ನು ಬಾಡಿಗೆಗೆ ಕೊಟ್ಟು ಸಿಯಾಟಲ್ ನಗರವನ್ನು ಸೇರಿದಳು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಎಪ್ಪತ್ತು ವರ್ಷ ಮೀರಿದಾಗಲೂ, ಹಡಗು ಕಟ್ಟುವ ಕಾರ್ಖಾನೆಯಲ್ಲಿ ದುಡಿದಳು. ೧೯೬೭ರಲ್ಲಿ, ತೊಂಬತ್ತೈದನೆಯ ವಯಸ್ಸಿನಲ್ಲಿ, ಅದೇ ನಗರದಲ್ಲಿ ತೀರಿಕೊಂಡಳು.

ನಾಣ್ಯವನ್ನು ನದಿಗೆಸೆದ ಕಥೆ, ಬೂಟುಗಳ ಕಥೆ, ಕುದುರೆಗಳ ಕಥೆ, ಇವು ಜನರ ಬಾಯಲ್ಲಿ ಉಳಿದುವು. ಇವುಗಳಿಂದ ಆಕೆಯ ಹೆಸರು ಅಳಿಯದೆ ನಿಂತಿತೆಂಬುದು ನಿಜ. ಆದರೆ ಇವೇ ಆಕೆಯ ಕೆಲಸದ ಗಾಂಭೀರ್ಯವನ್ನು ಮರೆಮಾಡಿದುವು. ಆಕೆಯು ಪಡೆದುದನ್ನು ದೈವದ ಕೊಡುಗೆಯೆಂದೋ ಗಂಡುಬೀರಿತನದ ಫಲವೆಂದೋ ಎಣಿಸುವುದು ಸುಲಭ. ದಾಖಲೆಗಳು ತೋರಿಸುವುದು ಬೇರೆ: ನೆಲದ ಸ್ವಭಾವ, ಋತುವಿನ ಕ್ರಮ, ಸಾಲದ ರೀತಿ, ದಣಿದ ಮನುಷ್ಯನ ಬಯಕೆ, ಈ ನಾಲ್ಕನ್ನೂ ಒಟ್ಟಿಗೆ ಬಲ್ಲ ಬುದ್ಧಿಯೊಂದು ಎರಡು ತೊರೆಗಳು ಕೂಡುವಲ್ಲಿ ಮನೆ ಕಟ್ಟಿತು. ಕ್ಲಾಂಡೈಕಿನಲ್ಲಿ ಎದ್ದ ಚಿನ್ನವು ಯಾವ ಯಾವ ಕೈಗಳನ್ನು ಹಾದುಹೋಯಿತೆಂದು ತಿಳಿಯಬಯಸುವ ಚರಿತ್ರಕಾರನು ಗಣಿಹಕ್ಕುಗಳ ದಫ್ತರದ ಜೊತೆಗೆ ಅಂಥ ಮನೆಗಳ ಲೆಕ್ಕದ ಪುಸ್ತಕವನ್ನೂ ತೆರೆದು ನೋಡತಕ್ಕದ್ದು.