ಟೇಲರ್ ಮಂಜಿಲ್ ಹತ್ತುವ ಮುಂಚೆ

ಉದ್ದನೆಯ ವೀಕೆಂಡ್ ಬಂತಂದ್ರೆ ಬೆಂಗಳೂರಿನ ನಮ್ಮ ಟೀಮಿನವರೆಲ್ಲ ಗೋಕರ್ಣದ ಬೀಚಿಗೆ ಟಿಕೆಟ್ ಬುಕ್ ಮಾಡ್ತಾರೆ. ನಿಮ್ಮೂರ ಕಡೆ ನೋಡೋಕೆ ಏನಿದೆ ಅಂತ ಒಬ್ಬೊಬ್ಬರು ಸುಮ್ನೆ ಕೇಳೋದುಂಟು. ಸಮುದ್ರ ನಮ್ಮಲ್ಲಿಲ್ಲ, ಖರೆ. ಕೃಷ್ಣಾ, ಭೀಮಾ ಅಂತ ಎರಡು ಹೊಳೆ ಅದಾವ, ನಡುವೆ ಕಲ್ಲುಗುಡ್ಡಗಳು. ನೋಡೋದೆಲ್ಲ ಆ ಗುಡ್ಡಗಳ ಮೇಲೇ ಇದೆ.

ಯಾದಗಿರಿಯಲ್ಲಿ ರೈಲು ಇಳಿದರೆ ಊರ ಮೇಲೇ ಕೋಟೆ. ಬಿಸಿಲೇರುವ ಮೊದಲು ಹತ್ತಿ ಇಳಿಯಬೇಕು. ಶಹಾಪುರದ ಹತ್ತಿರ ಬಂದಾಗ ಬಸ್ಸಿನ ಕಿಟಕಿಯಿಂದಲೇ ಮಲಗಿದ ಬುದ್ಧ ಕಾಣ್ತಾನೆ. ಯಾರೂ ಕೆತ್ತಿದ್ದಲ್ಲ, ಗುಡ್ಡದ ಸಾಲೇ ಹಾಗಿದೆ. ಅಲ್ಲಿಂದ ಮುಂದೆ ಸುರಪುರ. ನಾನು ಹೇಳಬೇಕಾದ ಕತೆ ಅಲ್ಲಿಯದು.

ಸುರಪುರಕ್ಕಿಂತ ಮೊದಲು ಬೇಡ ನಾಯಕರ ರಾಜಧಾನಿ ಇದ್ದದ್ದು ಪಕ್ಕದ ವಾಗಣಗೇರಾದಲ್ಲಿ. 1705ರ ಫೆಬ್ರವರಿಯಲ್ಲಿ ಔರಂಗಜೇಬ್ ಖುದ್ದಾಗಿ ಬಂದು ಈ ಕೋಟೆಗೆ ಮುತ್ತಿಗೆ ಹಾಕಿದ. ಆಗ ಅವನಿಗೆ ವಯಸ್ಸು 86. ದೆಹಲಿಯ ಬಾದಶಹನನ್ನು ಪಿಡ್ಡ ನಾಯಕರ ಬಂದೂಕಿನವರು ಏಪ್ರಿಲ್‌ವರೆಗೂ ತಡೆದು ನಿಲ್ಲಿಸಿದರು. ಮರಾಠರೂ ನೆರವಿಗೆ ಬಂದಿದ್ದರು. ಕೊನೆಗೆ ಕೋಟೆಯೇನೋ ಮೊಗಲರಿಗೆ ಸಿಕ್ಕಿತು, ನಾಯಕರು ಮಾತ್ರ ಸಿಗಲಿಲ್ಲ, ರಾತ್ರೋರಾತ್ರಿ ಜಾಗ ಖಾಲಿ ಮಾಡಿದ್ದರು. ಔರಂಗಜೇಬ್ ತಾನೇ ಮುಂದೆ ನಿಂತು ನಡೆಸಿದ ಕೊನೆಯ ದಂಡಯಾತ್ರೆ ಇದು. ಇಲ್ಲೇ ದೇವಾಪುರದ ಬಿಡಾರದಲ್ಲಿ ಕಾಯಿಲೆ ಬಿದ್ದು, ಅಹ್ಮದ್‌ನಗರಕ್ಕೆ ಹೋಗಿ, 1707ರಲ್ಲಿ ತೀರಿಕೊಂಡ. ನಮ್ಮ ಶಾಲೆ ಪುಸ್ತಕದಲ್ಲಿ ಶಿವಾಜಿ ಇದ್ದ, ಔರಂಗಜೇಬ್ ಇದ್ದ, ವಾಗಣಗೇರಾ ಒಂದು ಸಾಲಿಗೂ ಬರಲಿಲ್ಲ.

ಈಗ ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್‌ಗೆ ಬರೋಣ. ಫೋಟೋ ತೆಗೆಯೋರೆಲ್ಲ ಮೊದಲು ಹೋಗೋದು ಇಲ್ಲಿಗೇ. ಕಟ್ಟಿಸಿದವರು ಮೆಡೋಸ್ ಟೇಲರ್, ನಿಜಾಮರ ಸೈನ್ಯದ ಅಧಿಕಾರಿ, ಠಕ್ಕರ ಬಗ್ಗೆ 1839ರಲ್ಲಿ ಕಾದಂಬರಿ ಬರೆದು ಇಂಗ್ಲೆಂಡಿನಲ್ಲಿ ಹೆಸರಾದವರು. ರಾಜ ಇನ್ನೂ ಸಣ್ಣ ಹುಡುಗ ಅಂತ 1841ರಲ್ಲಿ ಇಲ್ಲಿಗೆ ಬಂದು, 1853ರವರೆಗೆ ಆಡಳಿತ ನೋಡಿಕೊಂಡರು. ಕೆಟ್ಟ ಮನುಷ್ಯ ಅಲ್ಲ. ಬೋನಾಳ ಕೆರೆ ದುರಸ್ತಿ ಮಾಡಿಸಿದರು. ಚಳಿಗಾಲದಲ್ಲಿ ಅಲ್ಲಿ ಹಕ್ಕಿ ನೋಡಲು ಇವತ್ತಿಗೂ ಜನ ಹೋಗ್ತಾರೆ. ರಾಜನ್‌ಕೋಳೂರಿನ ಕಲ್ಲುಗೋರಿಗಳ ಬಗ್ಗೆ ಮೊದಲು ಬರೆದವರೂ ಅವರೇ. ಹುಡುಗ ರಾಜ ಅವರನ್ನು ಅಪ್ಪಾ ಅಂತಲೇ ಕರೀತಿದ್ದ.

ಆ ಹುಡುಗನೇ ನಾಲ್ವಡಿ ವೆಂಕಟಪ್ಪ ನಾಯಕ. 1858ರ ಫೆಬ್ರವರಿಯಲ್ಲಿ ಇಂಗ್ಲಿಷರ ಮೇಲೆ ತಿರುಗಿ ಬಿದ್ದರು. ಕ್ಯಾಪ್ಟನ್ ನ್ಯೂಬೆರಿ ಸತ್ತ. ರಾಜರು ಹೈದರಾಬಾದಿಗೆ ಹೋಗಿ ಅಲ್ಲಿ ಸಿಕ್ಕಿಬಿದ್ದರು. ಜೈಲಿಗೆ ಬಂದ ಟೇಲರ್, ಯಾರು ನಿನಗೆ ಕುಮ್ಮಕ್ಕು ಕೊಟ್ಟರು ಹೇಳು, ಉಳಿಸೋಕೆ ನೋಡ್ತೀನಿ ಅಂದರೆ, ವೆಂಕಟಪ್ಪ ನಾಯಕರು ಒಬ್ಬರ ಹೆಸರೂ ಬಿಡಲಿಲ್ಲ. ಮರಣದಂಡನೆ ಇಳಿದು ಇಳಿದು ಮದ್ರಾಸಿನ ಹತ್ತಿರದ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆ ಅಂತಾಯಿತು. ಅಲ್ಲಿಗೆ ಕರೆದೊಯ್ಯುವಾಗ ಮೊದಲ ಬಿಡಾರದಲ್ಲೇ, ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಹಾರಿದ ಗುಂಡಿಗೆ ಸತ್ತರು. ತಾವೇ ಹೊಡಕೊಂಡರು ಅಂತ ವರದಿಯಾಯಿತು. ಶಿಕ್ಷೆ ಕಡಿಮೆಯಾಗಿ ಉಳಿದುಕೊಂಡ ಇಪ್ಪತ್ತನಾಲ್ಕರ ಹರೆಯದವನು ಯಾಕೆ ಹೊಡಕೊಳ್ತಾನೆ? ತುಂಬಿದ ಪಿಸ್ತೂಲು ಕೈದಿಯ ಕೈಗೆ ಎಟಕುವಂತೆ ಯಾಕಿತ್ತು? ಓದಿದಾಗೆಲ್ಲ ನನಗೆ ಈ ಎರಡು ಪ್ರಶ್ನೆ ಏಳ್ತಾವ.

ಇದೆಲ್ಲ ನಮಗೆ ಹೆಚ್ಚಾಗಿ ತಿಳಿದದ್ದು 1877ರಲ್ಲಿ ಅಚ್ಚಾದ ಟೇಲರ್ ಆತ್ಮಕಥೆಯಿಂದ. ರಾಜರು ದುಂದುಗಾರರಾದರು, ತಾಯಿ ಈಶ್ವರಮ್ಮ ಸಂಚುಗಾರ್ತಿ, ಜ್ಯೋತಿಷಿ ಇಪ್ಪತ್ತನಾಲ್ಕಕ್ಕೇ ಸಾವು ಅಂದಿದ್ದ, ಎಲ್ಲ ಅದರಲ್ಲಿದೆ. ನಮ್ಮ ಕೆಲಸದಲ್ಲಿ ಸರ್ವರ್ ಬಿದ್ದರೆ ಒಬ್ಬ ಅಡ್ಮಿನ್ ಬರೆದ ವರದಿ ನಂಬಿ ಫೈಲ್ ಮುಚ್ಚಲ್ಲ, ಇನ್ನೊಂದು ಲಾಗ್ ಹುಡುಕ್ತೀವಿ. ಈಶ್ವರಮ್ಮನವರು ಹೇಳಿದ್ದನ್ನು ಕೂತು ಬರೆದುಕೊಂಡವರು ಯಾರು? ಟೇಲರ್ ಸಾಹೇಬರ ಕಣ್ಣೀರು ಸುಳ್ಳಲ್ಲ ಅಂತಲೇ ನನ್ನ ಭಾವನೆ. ಆದರೆ ಬೆಳೆಸಿದವರೂ ಅವರೇ, ಆಳಿದವರೂ ಅವರೇ, ಬರೆದವರೂ ಅವರೇ.

1860ರಲ್ಲಿ ಇಂಗ್ಲಿಷರು ಸುರಪುರವನ್ನು ನಿಜಾಮರಿಗೆ ಕೊಟ್ಟುಬಿಟ್ಟರು, ದಂಗೆಯಲ್ಲಿ ಜೊತೆಗಿದ್ದದ್ದಕ್ಕೆ ಬಹುಮಾನ.

ನವೆಂಬರಿನಿಂದ ಫೆಬ್ರವರಿ ಒಳಗೆ ಬರ್ರಿ. ಕೃಷ್ಣಾಷ್ಟಮಿ ಮುಗಿದ ಮೇಲೆ ಬಂದರೆ ವೇಣುಗೋಪಾಲಸ್ವಾಮಿ ಗುಡಿ ಮುಂದೆ ಜಾರುವ ಕಂಬ ಹತ್ತೋದೂ ನೋಡಬಹುದು. ಮಂಜಿಲ್ ನೋಡಿ ಇಳಿದ ಮೇಲೆ ಕೆಳಗೆ ಊರೊಳಗಿನ ನಾಯಕರ ಅರಮನೆ ಕಡೆಗೂ ಹೋಗ್ರಿ, ವಾಗಣಗೇರಾಕ್ಕೂ ಒಂದು ಆಟೋ ಮಾತಾಡ್ರಿ. ನೀರಿನ ಬಾಟಲಿ ಮರೀಬ್ಯಾಡ್ರಿ, ಗುಡ್ಡದ ಮೇಲೆ ಸಿಗಂಗಿಲ್ಲ.