ಬೈಟು ಕಾಫಿ, ಫುಲ್ ಹಿಸ್ಟರಿ: ನಾವು ಕೂರೋ ಕಾಫಿ ಹೌಸ್ ಯಾರದ್ದು?

1/7
ಯಾರದ್ದಾದ್ರೂ ಬರ್ತ್‌ಡೇ ಬಂದ್ರೆ ನಮ್ಮ ಕ್ಲಾಸಲ್ಲಿ ಎದ್ದೇಳೋ ಪ್ರಶ್ನೆ ಒಂದೇ: ಟ್ರೀಟ್ ಎಲ್ಲಿ? ಆಮೇಲೆ ಬ್ರ್ಯಾಂಡ್ ಯುದ್ಧ ಶುರು. ಅಲ್ಲಿ ಎಸಿ ಚೆನ್ನಾಗಿದೆ, ಇಲ್ಲಿ ಫೋಟೋ ಚೆನ್ನಾಗಿ ಬರುತ್ತೆ, ಅಲ್ಲಿ ಎಷ್ಟೊತ್ತು ಕೂತ್ರೂ ಎಬ್ಬಿಸಲ್ಲ. ರುಚಿ ಕೇಳ್ತೀವಿ, ರೇಟ್ ಕೇಳ್ತೀವಿ. ಆ ಜಾಗದ ಓನರ್ ಯಾರು ಅಂತ ಮಾತ್ರ ಯಾರೂ ಕೇಳಲ್ಲ.

ಈ ಸಲ ಅದನ್ನೇ ಕೇಳೋಣ. ಚರ್ಚ್ ಸ್ಟ್ರೀಟಿನ ಇಂಡಿಯಾ ಕಾಫಿ ಹೌಸ್ ಗೊತ್ತಲ್ಲ? ಬಿಳಿ ಯೂನಿಫಾರ್ಮು, ಅಗಲ ಬೆಲ್ಟು, ಬೀಸಣಿಗೆ ಥರ ನಿಂತ ಪೇಟ. ನಾವು ಅವರನ್ನ "ವೇಟರ್" ಅಂದ್ಕೋತೀವಿ. ಆದ್ರೆ ಈ ಕಾಫಿ ಹೌಸ್‌ಗಳು ನೌಕರರ ಸಹಕಾರ ಸಂಘಗಳದ್ದು. ಅಂದ್ರೆ ಕಪ್ ತಂದಿಡೋರೇ ಅಂಗಡಿಯ ಮಾಲೀಕರು. ಹೇಗಾಯ್ತು ಇದು? ಮುಂದಕ್ಕೆ ಓದಿ.

2/7
ಮೊದಲು ಬೀಜದ ಕಥೆ. ಬಾಬಾ ಬುಡನ್ ಅವರು ಯೆಮೆನ್‌ನಿಂದ ಏಳು ಕಾಫಿ ಬೀಜ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ಬಿತ್ತಿದ್ರು ಅನ್ನೋ ಐತಿಹ್ಯ ಎಲ್ಲರೂ ಕೇಳಿರ್ತೀವಿ. ಇವತ್ತು ದೇಶದ ಕಾಫಿಯಲ್ಲಿ ಸುಮಾರು 70 ಪರ್ಸೆಂಟ್ ನಮ್ಮ ರಾಜ್ಯದ್ದೇ: ಕೊಡಗು, ಚಿಕ್ಕಮಗಳೂರು, ಹಾಸನ.

ಆದ್ರೆ ಬ್ರಿಟಿಷರ ಕಾಲದಲ್ಲಿ ನಮ್ಮ ಕಾಫಿಯನ್ನ ಕುಡೀತಿದ್ದೋರು ಹೆಚ್ಚಾಗಿ ಹೊರದೇಶದೋರು. 1930ರ ದಶಕದಲ್ಲಿ ಜಗತ್ತಿಗೆಲ್ಲ ಆರ್ಥಿಕ ಕುಸಿತ ಬಡಿದಾಗ ಬೆಲೆ ಬಿತ್ತು, ತೋಟಗಾರರು ಕಂಗಾಲಾದ್ರು. ಹೊರಗೆ ಕೊಳ್ಳೋರು ಕಮ್ಮಿಯಾದ್ರೆ ಒಳಗೇ ಕುಡಿಯೋರನ್ನ ಹುಟ್ಟಿಸಬೇಕು. 1935ರಲ್ಲಿ ಕಾಫಿ ಸೆಸ್ ಕಮಿಟಿ ಆಯ್ತು, 1936ರಲ್ಲಿ ಬಾಂಬೆಯ ಚರ್ಚ್‌ಗೇಟ್‌ನಲ್ಲಿ ಮೊದಲ ಕಾಫಿ ಹೌಸ್ ತೆರೆಯಿತು. ಮಾರ್ಕೆಟಿಂಗ್ ಪೇಪರ್‌ನಲ್ಲಿ "ಡಿಮ್ಯಾಂಡ್ ಕ್ರಿಯೇಷನ್" ಅಂತ ಬರೀತೀವಲ್ಲ, ಅದೇ ಇದು! ಕಾಫಿ ಹೌಸ್ ಅನ್ನೋದೇ ಒಂದು ದೊಡ್ಡ ಜಾಹೀರಾತು.

3/7
ಆಮೇಲೆ ಎರಡನೇ ಮಹಾಯುದ್ಧ. ಹಡಗು ಇಲ್ಲ, ರಫ್ತು ಇಲ್ಲ. 1942ರ ಕಾಫಿ ಕಾಯ್ದೆ ಬಂತು. ಬೆಳೆದ ಕಾಫಿಯನ್ನೆಲ್ಲ ಒಂದೇ ರಾಶಿಗೆ ಹಾಕಿ ಕಾಫಿ ಬೋರ್ಡೇ ಮಾರುತ್ತಿತ್ತು. ಇದಕ್ಕೆ "ಪೂಲ್" ಅಂತಿದ್ರು. ಆ ಬೋರ್ಡಿನ ಹೆಡ್ ಆಫೀಸ್ ಇರೋದು ನಮ್ಮ ಬೆಂಗಳೂರಲ್ಲೇ, ವಿಧಾನಸೌಧದ ಹತ್ತಿರ. 1940ರ ದಶಕದ ಹೊತ್ತಿಗೆ ದೇಶದಲ್ಲಿ ಸುಮಾರು 50 ಕಾಫಿ ಹೌಸ್‌ಗಳಿದ್ವು.

1950ರ ದಶಕದ ಮಧ್ಯಕ್ಕೆ ಬೋರ್ಡಿನ ಮನಸ್ಸು ಬದಲಾಯ್ತು. ಕಾಫಿ ಹೌಸ್ ನಡೆಸೋದು ಬೇಡ, ಮುಚ್ಚಿಬಿಡೋಣ ಅಂತ. ಒಂದು ಕ್ಷಣ ಆ ನೌಕರರ ಜಾಗದಲ್ಲಿ ನಿಂತು ನೋಡಿ. ಎಷ್ಟೋ ವರ್ಷದಿಂದ ಗೊತ್ತಿರೋದು ಕಾಫಿ ಸೋಸೋದು, ಕಟ್ಲೆಟ್ ಕರಿಯೋದು, ಟ್ರೇ ಹಿಡಿಯೋದು. ಮನೆಗೆ ಹೋಗಿ ಅಂದ್ರೆ ಎಲ್ಲಿಗೆ ಹೋಗ್ತಾರೆ?

4/7
ಇಲ್ಲಿ ಬರ್ತಾರೆ ಎ.ಕೆ. ಗೋಪಾಲನ್. ಕೇರಳದ ಕಮ್ಯುನಿಸ್ಟ್ ನಾಯಕರು, ಆಗ ಲೋಕಸಭಾ ಸದಸ್ಯರು. ಅವರ ದಾರಿ ಸರಳ: ಬೋರ್ಡು ಬಿಟ್ಟು ಹೋಗೋ ಅಂಗಡಿಯನ್ನ ನೌಕರರೇ ಸೇರಿ ನಡೆಸಲಿ. 1957ರ ಆಗಸ್ಟ್ 19ರಂದು ನೌಕರರ ಮೊದಲ ಸಹಕಾರ ಸಂಘ ಶುರುವಾಯ್ತು. ಎಲ್ಲಿ? ಬೆಂಗಳೂರಲ್ಲಿ! ದೆಹಲಿ, ಕೇರಳ ಎಲ್ಲ ಆಮೇಲೆ. ದೆಹಲಿಯ ಕಾಫಿ ಹೌಸ್ ಅದೇ ವರ್ಷ ಅಕ್ಟೋಬರ್ 27ಕ್ಕೆ ತೆರೆಯಿತು, ತ್ರಿಶ್ಶೂರಿನದ್ದು 1958ರಲ್ಲಿ.

ಕೋಲ್ಕತ್ತದ ಕಾಲೇಜ್ ಸ್ಟ್ರೀಟಲ್ಲೂ 1958ರಲ್ಲಿ ಕಾಫಿ ಹೌಸ್ ಮುಚ್ಚಿತ್ತು. ಮೇಷ್ಟ್ರುಗಳೇ ಸರ್ಕಾರಕ್ಕೆ ಅರ್ಜಿ ಕೊಟ್ರು, ಅದೇ ವರ್ಷ ಮತ್ತೆ ತೆರೆಯಿತು. ನಮ್ಮ ಕಾಲೇಜ್ ಹತ್ತಿರದ ಟೀ ಅಂಗಡಿ ಮುಚ್ಚಿದ್ರೆ ಯಾವ ಲೆಕ್ಚರರ್ ಅರ್ಜಿ ಬರೀತಾರೆ, ಕಾಮೆಂಟಲ್ಲಿ ಟ್ಯಾಗ್ ಮಾಡಿ.

ಬಿಕಾಂನವರಿಗೆ ಒಂದು ಮಾತು. ಕಂಪನಿಯಲ್ಲಿ ಎಷ್ಟು ಷೇರೋ ಅಷ್ಟು ವೋಟು. ಸಹಕಾರ ಸಂಘದಲ್ಲಿ ಒಬ್ಬ ಸದಸ್ಯನಿಗೆ ಒಂದೇ ವೋಟು, ಷೇರು ಎಷ್ಟೇ ಇರಲಿ. ಈ ಐಡಿಯಾ ನಮಗೆ ಹೊಸದೇನಲ್ಲ. ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲೇ ರೈತರಿಗೆ ಸಹಕಾರ ಸಂಘ ಕಟ್ಟಿದ್ರು. ಪರೀಕ್ಷೆಗೆ ಎರಡು ಮಾರ್ಕ್ಸ್ ಅಂತ ಓದಿ ಮರೆತುಬಿಡೋ ಹೆಸರು ಅದು. ಅದೇ ಐಡಿಯಾ 52 ವರ್ಷ ಆದ್ಮೇಲೆ ನೌಕರರ ಕೆಲಸ ಉಳಿಸ್ತು.

5/7
ಈಗ ನಮ್ಮ ಜನರೇಷನ್ ಕಥೆ. 1990ರ ದಶಕದಲ್ಲಿ ಪೂಲ್ ವ್ಯವಸ್ಥೆ ಹಂತಹಂತವಾಗಿ ಸಡಿಲ ಆಯ್ತು, 1996ರ ಹೊತ್ತಿಗೆ ಬೆಳೆಗಾರರು ತಮ್ಮ ಕಾಫಿಯನ್ನ ತಾವೇ ಮಾರಬಹುದು ಅಂತಾಯ್ತು. ಅದೇ 1996ರ ಜುಲೈನಲ್ಲಿ ಬ್ರಿಗೇಡ್ ರೋಡಲ್ಲಿ ಕೆಫೆ ಕಾಫಿ ಡೇ ತೆರೆಯಿತು. ಶುರು ಮಾಡಿದ್ದು ಚಿಕ್ಕಮಗಳೂರಿನ ಕಾಫಿ ಮನೆತನದ ವಿ.ಜಿ. ಸಿದ್ಧಾರ್ಥ. ಆಗ ಇಂಟರ್‌ನೆಟ್ ಅನ್ನೋದೇ ಹೊಸದು, ಕಾಫಿ ಜೊತೆ ಅದನ್ನೂ ಮಾರಿದ್ರು. 2012ರಲ್ಲಿ ಟಾಟಾ ಜೊತೆ ಸೇರಿ ಸ್ಟಾರ್‌ಬಕ್ಸ್ ಮುಂಬೈಗೆ ಬಂತು, ಮುಂದಿನ ವರ್ಷ ಬೆಂಗಳೂರಿಗೆ.

ನಾನು ಸಿಸಿಡಿಯನ್ನ ಬೈಯ್ಯಲ್ಲ. ನಮ್ಮ ಅಕ್ಕಂದಿರ ಕಾಲದಲ್ಲಿ ಹುಡುಗೀರು ಇಬ್ಬರು ಮೂವರು ಸೇರಿ ಒಂದು ಕಾಫಿ ತಗೊಂಡು ಗಂಟೆಗಟ್ಟಲೆ ಆರಾಮಾಗಿ ಕೂತು ಹರಟೋಕೆ ಈ ಊರಲ್ಲಿ ಜಾಗ ಎಷ್ಟಿತ್ತು? ಆ ಜಾಗ ಕೊಟ್ಟಿದ್ದು ಅದು. ಆದ್ರೆ 2019ರಲ್ಲಿ ಸಿದ್ಧಾರ್ಥ ಅವರು ತೀರಿಕೊಂಡಾಗ ಕಂಪನಿ ಮೇಲೆ ಎಂಥ ಸಾಲ ಇತ್ತು ಅಂತ ಎಲ್ಲರಿಗೂ ಗೊತ್ತಾಯ್ತು. ಎಷ್ಟೋ ಔಟ್‌ಲೆಟ್ ಮುಚ್ಚಿದ್ವು. ಅಲ್ಲಿ ಕಾಫಿ ಮಾಡ್ತಿದ್ದ ಹುಡುಗರಿಗೆ ಆ ಸಾಲ ಮಾಡೋವಾಗ ವೋಟ್ ಇರ್ಲಿಲ್ಲ. 1957ರ ನೌಕರರಿಗೂ ಇವರಿಗೂ ಇರೋ ವ್ಯತ್ಯಾಸ ಅಷ್ಟೇ.

6/7
ಕಾಫಿ ಹೌಸ್ ಅಂದ್ರೆ ಸ್ವರ್ಗ ಅಂತಾನೂ ಹೇಳಲ್ಲ. ನನ್ನ ಪ್ರಾಮಾಣಿಕ ಅಭಿಪ್ರಾಯ: ಕಾಫಿ ಸುಮಾರು, ಸ್ಕ್ರ್ಯಾಂಬಲ್ಡ್ ಎಗ್ ಸೂಪರ್, ಸರ್ವಿಸ್ ಅವರ ಮೂಡಿಗೆ ಬಿಟ್ಟಿದ್ದು. ಬೈಟು ಕಾಫಿಗೆ ನಮ್ಮ ಏರಿಯಾ ದರ್ಶಿನಿಯನ್ನ ಇದು ಸೋಲಿಸಲ್ಲ.

ಜೊತೆಗೆ ಸಹಕಾರ ಸಂಘಕ್ಕೂ ಒಂದು ಶತ್ರು ಇದೆ: ಬಾಡಿಗೆ. ಎಂ.ಜಿ. ರೋಡಲ್ಲಿ ಐದು ದಶಕ ಇದ್ದ ಕಾಫಿ ಹೌಸ್ 2009ರಲ್ಲಿ ಆ ಕಟ್ಟಡ ಬಿಟ್ಟು ಚರ್ಚ್ ಸ್ಟ್ರೀಟಿಗೆ ಬರಬೇಕಾಯ್ತು. ನೌಕರರು ಅಂಗಡಿಗೆ ಮಾಲೀಕರು, ಕಟ್ಟಡಕ್ಕಲ್ಲ. ತಾನಾಗಿ ಬೆಳೆದ ಗುಡ್‌ವಿಲ್ ಬ್ಯಾಲೆನ್ಸ್ ಶೀಟಿಗೆ ಬರಲ್ಲ ಅಂತ ಅಕೌಂಟ್ಸಲ್ಲಿ ಓದ್ತೀವಲ್ಲ? ಐವತ್ತು ವರ್ಷದ ಗಿರಾಕಿಗಳ ಪ್ರೀತಿಯನ್ನ ಬಾಡಿಗೆ ಲೆಕ್ಕದಲ್ಲಿ ಯಾರೂ ಹಿಡಿಯಲ್ಲ.

7/7
ಇದೆಲ್ಲ ಯಾಕೆ ಬರೀತಿದೀನಿ ಅಂದ್ರೆ, ನಮ್ಮ ಕ್ಲಾಸಲ್ಲೇ ಮೂರ್ನಾಲ್ಕು ಜನ ಕಾಲೇಜ್ ಮುಗಿಸಿ ಸಂಜೆ ಕೆಫೆಗಳಲ್ಲಿ ಶಿಫ್ಟ್ ಮಾಡ್ತಾರೆ. ಒಬ್ಬ ಗೆಳತಿ ಹೇಳಿದ್ಲು: "ಗಿರಾಕಿ ಇಲ್ದಿದ್ರೂ ಕೂರೋ ಹಾಗಿಲ್ಲ ಕಣೇ, ಕ್ಯಾಮೆರಾ ನೋಡ್ತಿರ್ತಾರೆ." ನಾವು ಮೂರು ಗಂಟೆ ಕೂತು ರೀಲ್ಸ್ ಮಾಡೋ ಜಾಗದಲ್ಲಿ ನಮ್ಮದೇ ವಯಸ್ಸಿನವಳು ಆರು ಗಂಟೆ ನಿಂತಿರ್ತಾಳೆ.

ಬ್ರ್ಯಾಂಡ್ ಬಿಟ್ಟುಬಿಡಿ ಅಂತ ನಾನು ಹೇಳೋಳಲ್ಲ, ಕೋಲ್ಡ್ ಕಾಫಿ ನಂಗೂ ಇಷ್ಟ. ಆದ್ರೆ "ನಮ್ಮ ಅಡ್ಡಾ" ಅಂತ ಕರೆಯೋ ಮುಂಚೆ ಎರಡು ವಿಷಯ ನೋಡ್ತೀನಿ. ಅಲ್ಲಿ ಕೆಲಸ ಮಾಡೋರಿಗೆ ಕೂರೋಕೆ ಒಂದು ಸ್ಟೂಲ್ ಇದ್ಯಾ? ಅಂಗಡಿ ಮುಚ್ಚೋ ದಿನ ಬಂದ್ರೆ ಅವರನ್ನ ಒಂದು ಮಾತು ಕೇಳೋರು ಯಾರಾದ್ರೂ ಇದ್ದಾರಾ? 1957ರಲ್ಲಿ ಇದೇ ಊರಲ್ಲಿ, ಕೆಲಸ ಹೋಗೋ ಹೊತ್ತಲ್ಲಿ, ಟ್ರೇ ಹಿಡಿದ ಜನ ಬೇರೆಯವರು ಕೇಳಲಿ ಅಂತ ಕಾಯಲಿಲ್ಲ. ತಾವೇ ಸಂಘ ಕಟ್ಟಿ ಬೀಗದ ಕೈ ಇಸ್ಕೊಂಡ್ರು.

ನಿಮ್ಮ ಊರಲ್ಲಿ ಹೀಗೆ ಕೆಲಸಗಾರರೇ ನಡೆಸೋ ಹೋಟ್ಲು, ಬೇಕರಿ, ಸೊಸೈಟಿ ಏನಾದ್ರೂ ಇದ್ರೆ ಕೆಳಗೆ ಹೆಸರು ಹಾಕಿ. ಮುಂದಿನ ಸರಣಿ ಅಲ್ಲಿಂದಲೇ.

#ಬೈಟುಕಾಫಿ #ಕಾಫಿಹೌಸ್ #ನಮ್ಮಬೆಂಗಳೂರು #ಬಿಕಾಂಹಿಸ್ಟರಿ