ಯೋಜನೆಯ ಜಟಿಲತೆ, ಪ್ರಮಾಣದ ಯಾಥಾರ್ಥ್ಯ: ವಿಕಿರಣ ಚಿಕಿತ್ಸೆಯ ಮಾಪನಚರಿತ್ರೆ

ಎಕ್ಸ್ ಕಿರಣಗಳು 1895ರಲ್ಲಿ ರಾಂಟ್‌ಗನ್ನನ ಪ್ರಯೋಗಶಾಲೆಯಲ್ಲಿ ಗೋಚರಿಸಿದ ಸ್ವಲ್ಪ ಕಾಲದಲ್ಲಿಯೇ ಚಿಕಿತ್ಸಾಸಾಧನವಾದರೂ, ರೋಗಿಯ ದೇಹಕ್ಕೆ ಎಷ್ಟು ವಿಕಿರಣ ಸಂದಿತೆಂಬುದನ್ನು ಅಳೆಯುವ ವಿದ್ಯೆ ಬಹುಕಾಲ ಶೈಶವದಲ್ಲಿಯೇ ಉಳಿದಿತ್ತು. ಚರ್ಮವು ಕೆಂಪೇರುವ ಮಟ್ಟವೇ ಆಗಿನ ವೈದ್ಯನ ಮಾನದಂಡ. ವಾಯುವಿನ ಅಯಾನೀಕರಣವನ್ನು ಆಧರಿಸಿದ ರಾಂಟ್‌ಗನ್ ಎಂಬ ಏಕಮಾನವನ್ನು 1928ರಲ್ಲಿ ಸ್ಟಾಕ್‌ಹೋಮಿನ ಸಮ್ಮೇಳನವು ಅಂಗೀಕರಿಸಿತು. ಹೀರಲ್ಪಟ್ಟ ಶಕ್ತಿಯನ್ನು ಸೂಚಿಸುವ ರ್‍ಯಾಡ್ 1953ರಲ್ಲಿಯೂ ಗ್ರೇ 1975ರಲ್ಲಿಯೂ ಬಂದವು. ಅರ್ಬುದದ ನಾಶವೂ ಸ್ವಸ್ಥ ಅಂಗಾಂಶದ ಹಾನಿಯೂ ಪ್ರಮಾಣದ ಅಲ್ಪ ವ್ಯತ್ಯಾಸಕ್ಕೆ ತೀವ್ರವಾಗಿ ಪ್ರತಿಕ್ರಿಯಿಸುವುದರಿಂದ, ವಿಕಿರಣ ಏಕಮಾನಗಳ ಅಂತರರಾಷ್ಟ್ರೀಯ ಆಯೋಗವು 1976ರ ತನ್ನ 24ನೆಯ ವರದಿಯಲ್ಲಿ, ಸಲ್ಲುವ ಪ್ರಮಾಣವು ವಿಧಿತ ಪ್ರಮಾಣದಿಂದ ಶೇಕಡ 5ರೊಳಗೇ ಇರಬೇಕೆಂದು ನಿರ್ದೇಶಿಸಿತು.

ಕಿರಣಕ್ಷೇತ್ರಗಳು ಸರಳವಾದ ಆಯತಗಳಾಗಿದ್ದ ಆ ದಿನಗಳಲ್ಲಿ ಈ ನಿಯಮವನ್ನು ಪಾಲಿಸುವುದು ದುಸ್ಸಾಧ್ಯವೇನೂ ಆಗಿರಲಿಲ್ಲ. ಆದರೆ 1980ರ ದಶಕದಲ್ಲಿ ಸ್ವೀಡನ್ನಿನ ಆಂಡರ್ಸ್ ಬ್ರಾಮೆ, ಬೇಕಾದ ಪ್ರಮಾಣವಿತರಣೆಯಿಂದ ಹೊರಟು ಅದನ್ನುಂಟುಮಾಡುವ ಕಿರಣದ ತೀವ್ರತೆಯನ್ನು ಗಣಿತದಿಂದ ಕಂಡುಹಿಡಿಯುವ ವಿಲೋಮಮಾರ್ಗವನ್ನು ತೋರಿಸಿದ ಮೇಲೆ, ಮುಂದಿನ ದಶಕದಲ್ಲಿ ತೀವ್ರತಾನಿಯಂತ್ರಿತ ಚಿಕಿತ್ಸೆಯು ಆಸ್ಪತ್ರೆಗಳನ್ನು ಪ್ರವೇಶಿಸಿದಾಗ, ಪರಿಸ್ಥಿತಿ ಬುಡಮಟ್ಟ ಬದಲಾಯಿತು. ಮಲ್ಟಿಲೀಫ್ ಕಾಲಿಮೇಟರಿನ ಲೋಹದ ಎಲೆಗಳು ಕ್ಷಣಕ್ಷಣಕ್ಕೂ ಸರಿದು ಕಿರಿದಾದ, ವಕ್ರವಾದ ಕಿಂಡಿಗಳನ್ನು ರಚಿಸತೊಡಗಿದವು. ಎರಡು ಸೆಂಟಿಮೀಟರ್ ಅಗಲದ ಚಲಿಸುವ ಕಿಂಡಿಯಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಪ್ರಮಾಣವು ಸುಮಾರು ಶೇಕಡ 5ರಷ್ಟು ಕದಲುತ್ತದೆ. ಅಂದರೆ ಆಯೋಗವು ಇಡೀ ಚಿಕಿತ್ಸೆಗೆ ಕೊಟ್ಟ ಅವಕಾಶವನ್ನು ಎಲೆಯೊಂದರ ಅಲ್ಪ ಚ್ಯುತಿಯೇ ನುಂಗಿಬಿಡುತ್ತದೆ. ಎಲೆಗಳ ದುಂಡಾದ ತುದಿಗಳು, ಅವುಗಳ ನಡುವಣ ಸೋರಿಕೆ, ಸಣ್ಣ ಕಿಂಡಿಯಲ್ಲಿ ಕೆಡುವ ಎಲೆಕ್ಟ್ರಾನುಗಳ ಪಾರ್ಶ್ವಸಮತೋಲ, ಇವೆಲ್ಲವೂ ಗಣನಯಂತ್ರದ ಲೆಕ್ಕವನ್ನು ಇನ್ನಷ್ಟು ಶಂಕಾಸ್ಪದವಾಗಿಸುತ್ತವೆ.

ಲೆಕ್ಕವನ್ನೂ ಅಳತೆಯನ್ನೂ ಹೋಲಿಸುವ ಸಾಧನವೊಂದು ಆಗ ಅವಶ್ಯವಾಯಿತು. ಪ್ರಮಾಣವು ಕಡಿದಾಗಿ ಇಳಿಯುವ ಎಡೆಯಲ್ಲಿ ಬರಿಯ ಪ್ರಮಾಣಭೇದವೂ, ಸಮವಾಗಿರುವ ಎಡೆಯಲ್ಲಿ ಬರಿಯ ದೂರಭೇದವೂ ದಾರಿತಪ್ಪಿಸುವುದನ್ನು ಮನಗಂಡು, 1998ರಲ್ಲಿ ಸೇಂಟ್ ಲೂಯಿಸಿನ ಡೇನಿಯಲ್ ಲೋ ಮತ್ತು ಸಹೋದ್ಯೋಗಿಗಳು ಎರಡನ್ನೂ ಒಂದೇ ಸಂಖ್ಯೆಯಲ್ಲಿ ಕೂಡಿಸಿದ ಗಾಮಾ ಸೂಚ್ಯಂಕವನ್ನು ನಿರೂಪಿಸಿದರು. ಶೇಕಡ 3, 3 ಮಿಲಿಮೀಟರ್ ಎಂಬ ಮಿತಿ ಬಹುಬೇಗ ರೂಢಿಗೆ ಬಂದಿತು. ಹೋಲಿಸಿದ ಬಿಂದುಗಳಲ್ಲಿ ಇಂತಿಷ್ಟು ಪಾಲು ಆ ಮಿತಿಯೊಳಗೆ ಉತ್ತೀರ್ಣವಾದರೆ ಯೋಜನೆ ನಿರ್ದುಷ್ಟವೆಂಬ ನಂಬಿಕೆಯೂ ಅದರೊಡನೆ ಬೆಳೆಯಿತು. ಈ ನಂಬಿಕೆ ಅತಿಯಾಯಿತೆಂಬುದು ನನ್ನ ದೃಢವಾದ ಅಭಿಪ್ರಾಯ. ಹ್ಯೂಸ್ಟನ್ನಿನ ಪರಿಶೋಧನಾಕೇಂದ್ರವು ಅಂಚೆಯಲ್ಲಿ ಕಳುಹಿಸುತ್ತಿದ್ದ ತಲೆ-ಕುತ್ತಿಗೆಯ ಪ್ರತಿಕೃತಿಯ ಮೇಲೆ ನಡೆದ ಪ್ರಯೋಗಗಳಲ್ಲಿ, ಶೇಕಡ 7, 4 ಮಿಲಿಮೀಟರ್ ಎಂಬಷ್ಟು ಉದಾರವಾದ ಮಿತಿಯಿದ್ದೂ ಕಾಲುಭಾಗಕ್ಕಿಂತ ಹೆಚ್ಚಿನವು ವಿಫಲವಾದುವೆಂದು 2008ರಲ್ಲಿ ವರದಿಯಾಯಿತು. 2011ರಲ್ಲಿ ನೆಲ್ಮ್ಸ್ ಮತ್ತು ಸಂಗಡಿಗರು, ಬೇಕೆಂದೇ ದೋಷಗಳನ್ನು ಸೇರಿಸಿದ ಯೋಜನೆಗಳನ್ನು ಪರೀಕ್ಷಿಸಿ, ಒಂದೊಂದು ಕಿರಣದ ಉತ್ತೀರ್ಣಾಂಕವು ರೋಗಿಯ ಅಂಗಗಳಿಗಾಗುವ ಪ್ರಮಾಣದೋಷವನ್ನು ಮುನ್ಸೂಚಿಸಲಾರದೆಂದು ತೋರಿಸಿದರು.

ಜಟಿಲತೆಯನ್ನೇ ಅಳೆಯುವ ಪ್ರಯತ್ನಕ್ಕೆ ಆ ವೇಳೆಗೆ ಬುನಾದಿ ಬಿದ್ದಿತ್ತು. ಬ್ರಿಟನ್ನಿನ ಸ್ಟೀವ್ ವೆಬ್ 2003ರಲ್ಲಿ ಕಿರಣತೀವ್ರತೆಯ ಏರಿಳಿತವನ್ನು ಸೂಚ್ಯಂಕಕ್ಕಿಳಿಸಿದ್ದನು. ಟೊರಾಂಟೊದ ಮ್ಯಾಕ್‌ನಿವನ್ ಮತ್ತು ಜೊತೆಗಾರರು 2010ರಲ್ಲಿ ಕಿಂಡಿಯ ಆಕಾರ, ವಿಸ್ತೀರ್ಣ ಮತ್ತು ಆಯಾ ಕಿಂಡಿಯ ತೂಕ ಇವನ್ನು ಕೂಡಿಸಿ, ತೆರೆದ ಆಯತಕ್ಷೇತ್ರಕ್ಕೆ 1 ಎಂದೂ ಜಟಿಲತೆ ಹೆಚ್ಚಿದಂತೆ ಸೊನ್ನೆಯತ್ತ ಇಳಿಯುವಂತೆಯೂ ಅಂಕವೊಂದನ್ನು ರೂಪಿಸಿದರು. ಇಟಲಿಯ ಲಾರಾ ಮಾಸಿ ಮತ್ತು ಇತರರು 2013ರಲ್ಲಿ ಅದನ್ನು ಯಂತ್ರವು ರೋಗಿಯ ಸುತ್ತ ತಿರುಗುತ್ತಲೇ ನಡೆಸುವ ವಿಮ್ಯಾಟ್ ಚಿಕಿತ್ಸೆಗೂ ಹೊಂದಿಸಿದರು. ಈ ಅಂಕದಲ್ಲೊಂದು ಕೊರತೆಯುಂಟು: ವಿಸ್ತೀರ್ಣವನ್ನು ಅದು ಆ ಕಿರಣದ ಗರಿಷ್ಠ ಕಿಂಡಿಯೊಡನೆ ಮಾತ್ರ ತೂಗುವುದರಿಂದ, ಆದ್ಯಂತವೂ ಸಣ್ಣದಾಗಿಯೇ ಇರುವ, ಅಳೆಯಲು ಅತಿ ಕಷ್ಟವಾದ ಕ್ಷೇತ್ರವು ಸರಳವೆಂದೇ ಎಣಿಕೆಯಾಗುತ್ತದೆ. ಗೋಥನ್‌ಬರ್ಗಿನ ಸಂಶೋಧಕರು 2015ರಲ್ಲಿ ಕಿಂಡಿಯ ಅಂಚಿನ ಸುತ್ತಣ ಪ್ರದೇಶವನ್ನೇ ಲೆಕ್ಕಕ್ಕೆ ತೆಗೆದುಕೊಂಡುದು ಆದುದರಿಂದ ಹೆಚ್ಚು ಯುಕ್ತವೆಂದು ತೋರುತ್ತದೆ; ದೋಷವು ನೆಲಸುವುದು ಅಂಚಿನಲ್ಲಿಯೇ.

ಇದಕ್ಕೂ ಮುಂದಿನ ಹೆಜ್ಜೆಯನ್ನು 2012ರಲ್ಲಿಯೇ ಮಿಷಿಗನ್ನಿನ ಕೆಲ್ಲಿ ಯಂಗ್ ಮತ್ತು ಸಹಕಾರಿಗಳು ಇಟ್ಟಿದ್ದರು. ಯೋಜನೆ ಮುಗಿದ ಮೇಲೆ ಜಟಿಲತೆಯನ್ನು ಅಳೆಯುವುದಕ್ಕೆ ಬದಲಾಗಿ, ಯೋಜನೆಯನ್ನು ರಚಿಸುವ ಗಣಿತದೊಳಗೇ ಅಂಕುಡೊಂಕಾದ ಕಿಂಡಿಗಳಿಗೆ ದಂಡವನ್ನು ವಿಧಿಸಿದಾಗ, ಪ್ರಮಾಣವಿತರಣೆಯ ಗುಣವು ಗಣನೀಯವಾಗಿ ಕುಂದದೆ ಲೆಕ್ಕಕ್ಕೂ ಅಳತೆಗೂ ಸಾಮೀಪ್ಯವು ಹೆಚ್ಚಿತು. ಅಲ್ಲಿಯವರೆಗೆ ಅನಿವಾರ್ಯವೆಂದು ಸಹಿಸಿಕೊಂಡು ಬಂದಿದ್ದ ಜಟಿಲತೆಯ ಒಂದಂಶವು ರೋಗಿಗೆ ಯಾವ ಪ್ರಯೋಜನವನ್ನೂ ತಂದಿರಲಿಲ್ಲವೆಂಬುದು ಇದರಿಂದ ಸಿದ್ಧವಾಯಿತು.